ಹಗೇವಿಗೆ ಇಳಿಬಿಟ್ಟ ದೀಪ

೧೯೭೫ನೇ ಇಸವಿ ಫೆಬ್ರವರಿ ತಿಂಗಳ ಎರಡನೇ ಬುಧವಾರ, ಬೆಳಿಗ್ಗೆ ಎಂಟು ಗಂಟೆ ಹತ್ತು ನಿಮಿಷಕ್ಕೆ ನಾನು ಮಳವಳ್ಳಿ ತಾಲ್ಲೂಕಿನ ಹೊಂಗೇದೊಡ್ಡಿಯಲ್ಲಿ, ನಿಂಗಮ್ಮನವರ ಹಿತ್ತಿಲಲ್ಲಿ, ಅವರ ಹಗೇವಿನ, ಅಂದರೆ ನೆಲದೊಳಗಿನ ರಾಗಿ ಕಣಜದ, ಬಾಯಿಗೆ ಆರು ಹೆಜ್ಜೆ ಪಡುವಲಿಗೆ ನಿಂತಿದ್ದೆ. ಬಿಸಿಲು ನನ್ನ ಮುಖಕ್ಕೆ ಬೀಳುತ್ತಿತ್ತು. ಗಂಟೆಯನ್ನು ಆಗಲೇ ಕೈಗಡಿಯಾರದಲ್ಲಿ ನೋಡಿದ್ದೆ, ಮಳವಳ್ಳಿಗೆ ಒಂಬತ್ತೂವರೆಯ ಬಸ್ಸು ಹಿಡಿಯಬೇಕೆಂದು. ಹೆಜ್ಜೆಗಳನ್ನು ಆಮೇಲೆ ಎಣಿಸಿದೆ. ಅಲ್ಲಿ ನಡೆದದ್ದನ್ನು ನಾಲ್ಕು ವರ್ಷ ಬರೆಯಲಾಗಲಿಲ್ಲ. ಈಗ ಬರೆಯುತ್ತಿದ್ದೇನೆ. ಕಂಡದ್ದನ್ನು ಕಂಡೆನೆಂದೂ ಕೇಳಿದ್ದನ್ನು ಕೇಳಿದೆನೆಂದೂ ಬೇರೆಬೇರೆಯಾಗಿಯೇ ಹೇಳುತ್ತೇನೆ.

ನಾನು ಮೈಸೂರಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟರಾಗಿದ್ದವನು. ಆ ಪ್ರವಾಸಕ್ಕೆ ಒಂದು ವರ್ಷ ಮೊದಲು ಇದೇ ಪತ್ರಿಕೆಯಲ್ಲಿ ಗೋಬರ್ ಗ್ಯಾಸಿನ ಬಗ್ಗೆ ಒಂದು ಲೇಖನ ಬರೆದಿದ್ದೆ. ಕೊಟ್ಟಿಗೆಯ ಸಗಣಿಯನ್ನು ನೀರಿನಲ್ಲಿ ಕದಡಿ ಗುಂಡಿಗೆ ಬಿಟ್ಟರೆ ಅದು ಕೊಳೆತು ಗ್ಯಾಸಾಗುತ್ತದೆ, ಆ ಗ್ಯಾಸು ಒಲೆ ಉರಿಸುತ್ತದೆ, ಉಳಿದ ಬಗ್ಗಡ ಗದ್ದೆಗೆ ಗೊಬ್ಬರವಾಗುತ್ತದೆ, ಸೌದೆಗೆಂದು ಮರ ಕಡಿಯುವುದು ತಪ್ಪುತ್ತದೆ ಎಂದು ಬರೆದಿದ್ದೆ. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಅದನ್ನು ಓದಿದ ನನ್ನ ಹಳೆಯ ವಿದ್ಯಾರ್ಥಿ ಸಿದ್ದರಾಜು ತನ್ನೂರಿನಲ್ಲಿ ಗ್ಯಾಸಿನ ಗುಂಡಿ ಕಟ್ಟಿಸಿಬಿಟ್ಟ. 'ನೀವು ಬರೆದಂತೆಯೇ ಕಟ್ಟಿಸಿದ್ದೇನೆ, ಒಮ್ಮೆ ಬಂದು ನೋಡಿ ಹೋಗಬೇಕು' ಎಂದು ಮೂರು ಕಾಗದ ಹಾಕಿದ. ಮೂರನೆಯದಕ್ಕೆ ನಾನು ಹೊರಟೆ.

ಸೋಮವಾರ ಬೆಳಗಿನ ಪ್ಯಾಸೆಂಜರ್ ರೈಲಿನಲ್ಲಿ ಮಂಡ್ಯಕ್ಕೆ ಬಂದಿಳಿದೆ. ಚಳಿ ಇನ್ನೂ ಪೂರ್ತಿ ಹೋಗಿರಲಿಲ್ಲ. ಸ್ಟೇಷನ್ನಿನ ಹೊರಗೆ ಕಬ್ಬಿನ ಗಾಡಿಗಳು ಸಾಲುಗಟ್ಟಿದ್ದವು. ಇಷ್ಟು ದೂರ ಬಂದಮೇಲೆ ಒಂದಕ್ಕೆ ಎರಡು ಗುಂಡಿ ನೋಡೋಣವೆಂದು ಕೆರಗೋಡಿನ ಬಸ್ಸು ಹತ್ತಿದೆ. ಅಲ್ಲಿನ ರೈತರೊಬ್ಬರ ಮನೆಯಲ್ಲೂ ಗ್ಯಾಸು ಉರಿಯುತ್ತಿದೆಯೆಂದು ಸಿದ್ದರಾಜು ಬರೆದಿದ್ದ.

ಆ ರೈತರು ಗುಂಡಿ ತೋರಿಸಿದರು, ಮಜ್ಜಿಗೆ ಕೊಟ್ಟರು, ಆಮೇಲೆ ನಾನು ಕೇಳದಿದ್ದರೂ ಹಿತ್ತಿಲಿನ ಮೂಲೆಯ ಒಂದು ಹಳ್ಳವನ್ನೂ ತೋರಿಸಿದರು. ಅದರಲ್ಲಿ ಪಾಚಿಗಟ್ಟಿದ ನೀರು ನಿಂತಿತ್ತು. ಎರಡು ಕಪ್ಪೆಗಳಿದ್ದವು.

"ಇದು ನಮ್ ತಾತನ ಕಾಲದ ಅಗೇವು ಕಣ್ರೀ ಮೇಷ್ಟ್ರೆ. ನಾಲೆ ಬಂತು, ಗದ್ದೆ ಆಯ್ತು, ಬೂಮಿ ಒಳ್ಗೇ ನೀರು ನಡ್ಕಂಡ್ ಬಂದು ಇಲ್ಲಿ ಕೂತ್ಕತು. ರಾಗಿ ಇದ್ದ ಜಾಗ್ದಾಗೆ ಈಗ ಕಪ್ಪೆ ಸಂಸಾರ ಮಾಡ್ತಾವೆ."

"ನಾಲೆ ಎಷ್ಟು ದೂರವಿದೆ?" ಎಂದೆ.

"ಅರ್ಧ ಮೈಲಿ ಆಯ್ತದೆ. ನೀರ್ಗೆ ಅದೆಲ್ಲ ಒಂದು ದೂರ್‍ವಾ?"

ನಾನು ನಕ್ಕು, ಪುಸ್ತಕದಲ್ಲಿ 'ಹಗೇವು, ಕಪ್ಪೆ' ಎಂದು ಬರೆದುಕೊಂಡೆ. ಆ ಪುಸ್ತಕ ಈಗಲೂ ನನ್ನ ಬಳಿ ಇದೆ. ಅದರ ಮುಂದೆ ಬೇರೆ ಏನನ್ನೂ ಬರೆದಿಲ್ಲ.

ರಾತ್ರಿ ಮಂಡ್ಯದ ಛತ್ರವೊಂದರಲ್ಲಿ ಮಲಗಿದ್ದು ಮಂಗಳವಾರ ಮದ್ದೂರಿಗೆ ಬಂದೆ. ಮಳವಳ್ಳಿಯ ಬಸ್ಸಿಗೆ ಒಂದು ಗಂಟೆ ಕಾಯಬೇಕಾಯಿತು. ಬೆಸಗರಹಳ್ಳಿ ಕಡೆಯಿಂದ ಬಂದ ಒಬ್ಬ ಹೆಂಗಸು ಬುಟ್ಟಿ ತುಂಬ ಬೆರಣಿ ಇಟ್ಟುಕೊಂಡು ನೆರಳಿನಲ್ಲಿ ಕುಳಿತಿದ್ದಳು. ಬುಟ್ಟಿಯನ್ನು ಬಸ್ಸಿಗೆ ಹಾಕಲು ಕಂಡಕ್ಟರು ಒಪ್ಪುತ್ತಿರಲಿಲ್ಲ.

"ಹೋದ ಸಲ ಸೀಟಿನ ಮೇಲೆಲ್ಲ ಉದುರ್ಸಿದ್ದೆ ಕಣಮ್ಮ, ಆಗಲ್ಲ," ಎಂದ.

"ಉದುರಿದ್ದು ಸಗಣಿ ಕಣಪ್ಪೋ, ನಿನ್ ಬಸ್ಸು ಸಾರ್‍ಸಿದಂಗಾಯ್ತು, ಸುದ್ದ ಆಯ್ತು," ಎಂದಳು. ಸುತ್ತಲಿದ್ದವರು ನಕ್ಕರು. ಕಂಡಕ್ಟರು ತಾನೂ ನಗುತ್ತ ಬುಟ್ಟಿಯನ್ನು ಮೇಲೆ ಹಾಕಿಸಿದ.

ಬೆರಣಿಯ ವ್ಯಾಪಾರ ಹೇಗಿದೆ ಎಂದು ಕೇಳಿದೆ. "ಯಾಪಾರ ಅದೆ, ಸಗಣಿ ಇಲ್ಲ," ಎಂದಳು. "ಮುಂಚೆ ಬೀದೀಲಿ ಬಿದ್ದದ್ದು ಬಾಚ್ಕಂಡವರ್‍ದು. ಈಗ ಗೌಡ್ರ ಮನೇಗೆ ಗ್ಯಾಸು ಬಂದದೆ ನೋಡಿ, ದನದ ಇಂದೇ ಆಳು ಪುಟ್ಟಿ ಇಡ್ಕಂಡ್ ಓಡ್ತಾನೆ. ಬೀಳಕೆ ಮುಂಚೇನೇ ಇಡ್ಕಂಬುಡ್ತಾನೆ."

ಆ ಗ್ಯಾಸಿನ ಬಗ್ಗೆ ಬರೆದವನು ನಾನೇ ಎಂದು ಅವಳಿಗೆ ಹೇಳಲಿಲ್ಲ. ಹೇಳಿದ್ದರೆ ಇನ್ನೊಂದು ಒಳ್ಳೆಯ ಮಾತು ಕೇಳಬಹುದಿತ್ತು.

ಮಳವಳ್ಳಿಯಿಂದ ಮೂರು ಮೈಲಿ ಇನ್ನೊಂದು ಬಸ್ಸು, ಅಲ್ಲಿಂದ ಒಂದು ಮೈಲಿ ನಡಿಗೆ. ನಾಲೆಯ ನೀರು ಹತ್ತದ ದಿಣ್ಣೆಯ ಊರು ಅದು. ಬೆಣಚುಕಲ್ಲು ಬೆರೆತ ಕೆಂಪು ನೆಲ, ಹೊಂಗೆ ಮರಗಳು, ಕಣದಲ್ಲಿ ಆಗತಾನೆ ಬಡಿದು ಮುಗಿಸಿದ ರಾಗಿಯ ಹುಲ್ಲು. ಸಿದ್ದರಾಜು ಅರ್ಧ ದಾರಿಗೆ ಬಂದು ನನ್ನ ಚೀಲ ಕಿತ್ತುಕೊಂಡ. ಕ್ಲಾಸಿನಲ್ಲಿ ಕೊನೆಯ ಬೆಂಚಿನವನು. ಈಗ ಮೂವತ್ತು ದಾಟಿದ್ದ, ಮೀಸೆ ಬಿಟ್ಟಿದ್ದ. ಬಚ್ಚಲಿಗೂ ಹೋಗಲು ಬಿಡದೆ ಮೊದಲು ಗುಂಡಿಯ ಹತ್ತಿರಕ್ಕೇ ಕರೆದುಕೊಂಡು ಹೋದ.

ಕೊಟ್ಟಿಗೆಯ ಹಿಂದೆ, ಮಣ್ಣಿನ ಗೋಡೆಗೆ ಹತ್ತಿಕೊಂಡಂತೆ, ಇಟ್ಟಿಗೆ ಕಟ್ಟಿದ ದುಂಡನೆಯ ಗುಂಡಿ. ಬಗ್ಗಡದ ಮೇಲೆ ಬೋರಲು ಹಾಕಿದ ಕಬ್ಬಿಣದ ದೊಡ್ಡ ಡ್ರಮ್ಮು, ಗ್ಯಾಸು ತುಂಬಿ ತೇಲುತ್ತಿತ್ತು.

"ಬಾವಿಯಿಂದ ಐವತ್ತಡಿ ದೂರ ಇರಬೇಕು ಅಂತ ಬರೆದಿದ್ರಿ. ಹಗ್ಗ ಹಿಡಿದು ಅಳೆದಿದ್ದೀನಿ ಸಾರ್, ಐವತ್ತೆರಡು!" ಎಂದ. ಪರೀಕ್ಷೆಯಲ್ಲಿ ಎಂದೂ ಅಷ್ಟು ಹೆಮ್ಮೆಯಿಂದ ಉತ್ತರ ಹೇಳಿದವನಲ್ಲ.

ಅಡುಗೆಮನೆಯಲ್ಲಿ ಅವನ ಹೆಂಡತಿ ಜಯಮ್ಮ ಒಲೆ ಹಚ್ಚಿ ತೋರಿಸಿದಳು. ನೀಲಿ ಉರಿ, ಸದ್ದಿಲ್ಲ, ಹೊಗೆಯಿಲ್ಲ. ಗೋಡೆಯಲ್ಲಿ ಹಳೆಯ ಹೊಗೆಯ ಕಪ್ಪು ಹಾಗೇ ಇತ್ತು. ಅದರ ಮೇಲೆ ಹೊಸದಾಗಿ ಸುಣ್ಣ ಬಳಿಯಲು ಶುರುಮಾಡಿ ಮೊಳಕಾಲೆತ್ತರಕ್ಕೆ ನಿಲ್ಲಿಸಿದ್ದಳು. "ವರ್ಷವೆಲ್ಲ ಕಣ್ಣಲ್ಲಿ ನೀರು ಸುರೀತಿತ್ತು ಸಾರ್. ನಮ್ಮತ್ತೆ, ಸೊಸೆ ಯಾವಾಗ್ಲೂ ಅಳ್ತಾಳೆ ಅಂತ ಊರೆಲ್ಲ ಏಳ್ಕಂಡ್ ಬಂದಿದ್ರು," ಎಂದು ನಕ್ಕಳು. ಆ ರಾತ್ರಿ ಮುದ್ದೆ, ಅವರೆಕಾಳಿನ ಸಾರು. ನಾನು ಎರಡು ಮುದ್ದೆ ಉಂಡೆ.

ಗೋಡೆಯ ಆಚೆಗಿನ ಮನೆ ಸಿದ್ದರಾಜುವಿನ ದೊಡ್ಡಪ್ಪನದು. ಭಾಗವಾದಾಗ ಗೋಡೆ ಎದ್ದಿತ್ತು. ದೊಡ್ಡಪ್ಪ ತೀರಿಕೊಂಡು ಮೂರು ವರ್ಷವಾಗಿತ್ತು. ದೊಡ್ಡಮ್ಮ ನಿಂಗಮ್ಮ ಊಟದ ಹೊತ್ತಿಗೆ ಬಂದು ಹೊಸಿಲ ಮೇಲೆ ಕುಳಿತರು. ಎತ್ತರದ ಹೆಂಗಸು, ದೊಡ್ಡ ಗಂಟಲು. ಅವರ ಮಗಳು ರತ್ನ ಹೆರಿಗೆಗೆ ಬಂದವಳು ಇನ್ನೂ ತವರಿನಲ್ಲೇ ಇದ್ದಳು. ಹೆಣ್ಣು ಮಗು, ಐದು ತಿಂಗಳು ತುಂಬಿತ್ತು.

"ಮೇಷ್ಟ್ರೆ, ಬೆಳಿಗ್ಗೆ ಅಗೇವು ತಗೀತೀವಿ, ನೋಡ್ಕಂಡೋಗಿ," ಎಂದರು. "ಬರೋ ತಿಂಗ್ಳು ಮಗೀಗೆ ಸರಿ ಶುರು ಮಾಡ್ಬೇಕು. ಒಸಾ ರಾಗಿ ಕೂಸಿನ ಒಟ್ಟೇಗೆ ಆಗಾಕಿಲ್ಲ. ನಮ್ಮೆಜಮಾನ್ರು ಓಗಕೆ ಮುಂಚೆ ತುಂಬ್ಸಿದ್ದು ಅದು. ಮೊಮ್ಮಗೀನ ನೋಡ್ನಿಲ್ಲ. ರಾಗಿನಾರ ಉಣ್ಸನ."

ಹಗೇವು ನೋಡದವರಿಗೆ ಒಂದು ಮಾತು. ಗಟ್ಟಿ ನೆಲದಲ್ಲಿ ಒಬ್ಬ ಇಳಿಯುವಷ್ಟು ಬಾಯಿ ತೋಡಿ, ಕೆಳಗೆ ಹೊಟ್ಟೆಯನ್ನು ಅಗಲ ಮಾಡಿ, ಹುಲ್ಲು ಹಾಸಿ ರಾಗಿ ಸುರಿದು, ಚಪ್ಪಡಿ ಮುಚ್ಚಿ ಮಣ್ಣು ಮೆತ್ತುತ್ತಾರೆ. ಹತ್ತಾರು ವರ್ಷ ರಾಗಿ ಕೆಡುವುದಿಲ್ಲ. ಬಾಯಿ ಎಲ್ಲಿದೆ ಎಂಬುದು ಮನೆಯವರಿಗೆ ಗೊತ್ತು. ಹೊಟ್ಟೆ ಎತ್ತ ಕಡೆಗೆ ಹರಡಿದೆ ಎಂಬುದು ತೋಡಿದವನನ್ನೂ ಇಳಿಯುವವನನ್ನೂ ಮನೆಯ ಹಿರಿಯರನ್ನೂ ಬಿಟ್ಟು ಯಾರಿಗೂ ಗೊತ್ತಿರುವುದಿಲ್ಲ. ಹೊರಗಿನವರ ಮುಂದೆ ಅದನ್ನು ಆಡುವುದೂ ಇಲ್ಲ. ಒಂದು ಕಾಲದಲ್ಲಿ ಕಳ್ಳರಿಗೆ ಹೆದರಿ ಮಾಡಿಕೊಂಡ ಪದ್ಧತಿ, ಹಾಗೇ ಉಳಿದಿದೆ.

ಹಗೇವು ತೆರೆದಾಗ ಒಳಗೆ ಕೆಟ್ಟ ಗಾಳಿ ಇರುತ್ತದೆ. ಅದಕ್ಕೇ ಮೊದಲು ದೀಪ ಇಳಿಬಿಡುತ್ತಾರೆ. ದೀಪ ಆರಿದರೆ ಮನುಷ್ಯ ಇಳಿಯಕೂಡದು. ಉರಿದರೆ ಇಳಿಯಬಹುದು. ಆ ಊರಿನಲ್ಲಿ ಎಷ್ಟೋ ತಲೆಮಾರು ಆ ದೀಪವನ್ನೇ ನಂಬಿ ಜನ ಇಳಿದು ಹತ್ತಿದ್ದಾರೆ.

ಇಳಿಯುವವನು ಕೆಂಪಯ್ಯ. ಐವತ್ತರ ಆಸುಪಾಸು, ಸಣ್ಣ ಆಳು, ಅಗಲ ಬೆನ್ನು. ಸುತ್ತಲ ಊರುಗಳ ಹಗೇವೆಲ್ಲ ಅವನು ಇಳಿದವೇ. ಬುಧವಾರ ಬೆಳಿಗ್ಗೆ ಅವನೂ ಸಿದ್ದರಾಜುವೂ ಹುಲ್ಲಿನ ಮೆದೆ ಸರಿಸಿ, ಮಣ್ಣು ಕೆತ್ತಿ, ಹಾರೆ ಹಾಕಿ ಚಪ್ಪಡಿ ಎತ್ತಿದರು. ನನಗೆ ಕೊಳೆತ ಮೊಟ್ಟೆಯಂಥ ವಾಸನೆ ಬಂತು. ಗೋಡೆಯಾಚೆಯ ಗುಂಡಿಯದು ಎಂದುಕೊಂಡೆ.

"ಏನೋ ವಾಸನೆ ಬರ್ತಿದೆಯಲ್ಲ ಕೆಂಪಯ್ಯ?" ಎಂದೆ.

"ಗ್ಯಾಸಿನ ಮನೆ ಪಕ್ದಲ್ಲಿ ನಿಂತ್ಕಂಡು ಇನ್ನೇನ್ ಮಲ್ಲಿಗೆ ವಾಸ್ನೆ ಬಂದದಾ ಮೇಷ್ಟ್ರೆ?" ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಇಪ್ಪತ್ತೆರಡು ವರ್ಷ ವಿಜ್ಞಾನ ಪಾಠ ಮಾಡಿದವನು ನಾನು. ಅದಕ್ಕಿಂತ ಮುಂದೆ ಒಂದು ಮಾತೂ ಆಡಲಿಲ್ಲ.

ತೆಂಗಿನ ಚಿಪ್ಪಿಗೆ ಮೂರು ದಾರ ಕಟ್ಟಿ, ಅದರಲ್ಲಿ ಹಣತೆ ಇಟ್ಟು ಹಚ್ಚಿದ್ದರು. ಕೆಂಪಯ್ಯ ಬಾಯಿಯ ಬಡಗಲ ಅಂಚಿನಲ್ಲಿ ಮಂಡಿಯೂರಿ, ಎಡಗೈ ನೆಲಕ್ಕೆ ಊರಿ, ಬಲಗೈಯಿಂದ ದಾರ ಬಿಡುತ್ತ ಬಗ್ಗಿ ನೋಡುತ್ತಿದ್ದ. ನಿಂಗಮ್ಮ ಅವನ ಹಿಂದೆ. ಸಿದ್ದರಾಜು ಹಾರೆ ಹಿಡಿದು ಮೂಡಲಿಗೆ. ಜಯಮ್ಮ ಮೊರ ಹಿಡಿದು ಗೋಡೆಯ ಕಂಡಿಯಲ್ಲಿ. ರತ್ನ ಮಗುವನ್ನು ಸೊಂಟದ ಮೇಲಿಟ್ಟುಕೊಂಡು ಜಗಲಿಯಲ್ಲಿ.

ಒಂದು ಮೊಳ ಇಳಿಯುವವರೆಗೆ ಏನೂ ಆಗಲಿಲ್ಲ. ಕೆಂಪಯ್ಯ, "ಆರ್‍ನಿಲ್ಲ ಕಣವ್ವ, ಚೆಂದಾಗ್ ಉರೀತದೆ," ಎಂದ. ಆಮೇಲೆ, "ಇದ್ಯಾಕವ್ವ ಉರಿ ಇಷ್ಟುದ್ದ..." ಎಂದ. ಮಾತು ಮುಗಿಯಲಿಲ್ಲ. ಬಾಯಿಯಷ್ಟೇ ಅಗಲದ ಉರಿಯೊಂದು ಬುಸ್ಸೆಂದು ಮೇಲೆದ್ದಿತು. ಅಡಿಯಲ್ಲಿ ನೀಲಿ, ತುದಿಯಲ್ಲಿ ಹಳದಿ. ಆಳೆತ್ತರ ಇತ್ತೆಂದು ಸಿದ್ದರಾಜು ಹೇಳುತ್ತಾನೆ. ನನಗೆ ಕಂಡದ್ದು ಎದೆಯೆತ್ತರ. ಎರಡು ಸಲ ಉಸಿರಾಡುವಷ್ಟು ಹೊತ್ತು ಇತ್ತು, ಹೋಯಿತು. ಗಾಳಿ ಬಿಸಿಯಾಗಿ ನನ್ನ ಮುಖಕ್ಕೆ ತಾಗಿತು.

ಕೆಂಪಯ್ಯ ಹಿಂದಕ್ಕೆ ಬಿದ್ದಿದ್ದ. ಬಿದ್ದನೋ ನಿಂಗಮ್ಮ ಎಳೆದರೋ ನಾನು ನೋಡಲಿಲ್ಲ. ನಿಂಗಮ್ಮ ಆಮೇಲೂ ಹೇಳಲಿಲ್ಲ, ಆದರೆ ಅವನ ಅಂಗಿಯ ಕಾಲರು ಹರಿದು ಅವರ ಕೈಯಲ್ಲಿತ್ತು. ಅವನ ಬಲ ಮುಂಗೈ ಕೆಂಪಗೆ ಬೆಂದಿತ್ತು. ಎರಡು ಹುಬ್ಬೂ ಮೀಸೆಯ ಅರ್ಧವೂ ಇರಲಿಲ್ಲ. ಕಣ್ಣು ಬಿಟ್ಟ. ಎಲ್ಲರನ್ನೂ ಒಂದು ಸುತ್ತು ನೋಡಿದ.

"ಅಲ್ಲ ಕಣವ್ವ," ಎಂದ, "ನಿನ್ ಗಂಡ ಒಳಗೇನಾರ ಕೂತವ್ನಾ? ದೀಪ ಬುಟ್ರೆ ಬೀಡಿ ಅಚ್ಚಿದಂಗೆ ಊದ್ತಾನಲ್ಲ!"

ಯಾರಿಗೂ ನಗು ಬರಲಿಲ್ಲ. ಮಗು ಮಾತ್ರ ಆ ಉರಿ ಎದ್ದ ಜಾಗವನ್ನೇ ನೋಡುತ್ತಿತ್ತು, ಅಳಲಿಲ್ಲ.

ಲೋಳೆಸರ ಹಚ್ಚಿ, ಸೈಕಲ್ಲಿನ ಹಿಂದೆ ಕೂರಿಸಿಕೊಂಡು, ಸಿದ್ದರಾಜು ಕೆಂಪಯ್ಯನನ್ನು ರಸ್ತೆಗೆ ಸೇರಿಸಿದ. ನಾನು ಅವರ ಜೊತೆ ಮಳವಳ್ಳಿಗೆ ಹೋದೆ. ಕೈಗೆ ಪಟ್ಟಿ ಕಟ್ಟಿಸಿಕೊಂಡು ಮಧ್ಯಾಹ್ನ ಎರಡಕ್ಕೆ ಮೂವರೂ ಹಿಂತಿರುಗಿದೆವು. ನಾನು ಮೈಸೂರಿಗೆ ಹೋಗಿಬಿಡಬಹುದಿತ್ತು. ಹೋಗಲಾಗಲಿಲ್ಲ.

ದಾರಿಯಲ್ಲಿ ಸಿದ್ದರಾಜು ಒಂದೇ ಮಾತು ಕೇಳಿದ್ದ: "ಸಾರ್, ಅದು ನಮ್ಮ ಗ್ಯಾಸೇ ಅಲ್ವಾ?" "ಹೌದು," ಎಂದೆ.

ನಿಂಗಮ್ಮ ಹಗೇವಿನ ಪಕ್ಕದಲ್ಲೇ ಕುಳಿತಿದ್ದರು. ನಾನು ಹೋಗಿ ಅವರ ಎದುರಿಗೆ ನೆಲದ ಮೇಲೆ ಕುಳಿತೆ. "ತಾಯಿ, ಹಗೇವಿನ ಹೊಟ್ಟೆ ಯಾವ ಕಡೆಗಿದೆ?" ಎಂದು ಕೇಳಿದೆ. ಅವರು ಗೋಡೆಯ ಕಡೆಗೆ ಕೈ ತೋರಿಸಿದರು. ಗ್ಯಾಸಿನ ಗುಂಡಿಯ ಕಡೆಗೆ.

"ದೊಡ್ಡವ್ವಾ, ಗುಂಡಿ ತೋಡ್ತಾ ಇದ್ದಾಗ ಒಂದು ಮಾತು ಏಳ್ಬಾರ್‍ದಿತ್ತಾ?" ಎಂದ ಸಿದ್ದರಾಜು.

"ಎಂಗ್ಲಾ ಏಳ್ಲಿ? ಮಂಡ್ಯದಿಂದ ಗಾರೆಯೋನ್ ಬಂದಿದ್ದ, ಪ್ಯಾಂಟಿನೋನ್ ಬಂದಿದ್ದ. ಅವರ್ ಮುಂದೆ ನನ್ನಗೇವಿನ ಒಟ್ಟೆ ಎತ್ಲಾಗದೆ ಅಂತ ಡಂಗುರ ಒಡೀಲಾ? ಅವರ್ ಓಗೋ ಒತ್ಗೆ ನೀನು ಇಟ್ಗೆ ಕಟ್ಟಿ ಸಿಮೆಂಟು ಬಳ್ದಿದ್ದೆ. ಏನಾದದು ಬುಡು ಅಂದ್ಕಂಡೆ." ಆಮೇಲೆ ಅವನತ್ತ ತಿರುಗಿ, "ನೀನಾರ ಕೇಳ್ಬಾರ್‍ದಿತ್ತೇನ್ಲಾ?" ಎಂದರು.

ಸಿದ್ದರಾಜು ನನ್ನ ಮುಖ ನೋಡಿದ. ಬಾವಿಯಿಂದ ಎಷ್ಟು ದೂರ ಎಂದು ನಾನು ಬರೆದಿದ್ದೆ. ಹಗೇವಿನಿಂದ ಎಷ್ಟು ಎಂದು ಬರೆದಿರಲಿಲ್ಲ. ಅಂಥದ್ದೊಂದು ನೆಲದೊಳಗೆ ಇದೆಯೆಂಬುದೇ ಪೇಟೆಯ ನನಗೆ ನೆನಪಾಗಿರಲಿಲ್ಲ. ಕೆರಗೋಡಿನ ರೈತರು ಎರಡು ದಿನದ ಹಿಂದೆ ಕೈ ಹಿಡಿದು ತೋರಿಸಿದ್ದರೂ ಹೊಳೆದಿರಲಿಲ್ಲ.

ಈಗ ರಾಗಿ ತೆಗೆಯುವುದು ಹೇಗೆ ಎಂಬುದೇ ತೊಡಕಾಯಿತು. ದೀಪ ಬಿಡದೆ ಇಳಿಯುವಂತಿಲ್ಲ. ಇನ್ನು ಆ ಹಗೇವಿಗೆ ದೀಪ ಬಿಡುವಂತೆಯೂ ಇಲ್ಲ. "ಮ್ಯಾಲಿಂದ ಅಗೀರಿ," ಎಂದರು ನಿಂಗಮ್ಮ. ಹಾಗೆಂದರೆ ಹಗೇವನ್ನು ಒಡೆದಂತೆ. ಮತ್ತೆ ಅದು ಹಗೇವಲ್ಲ, ಹಳ್ಳ. ಕೆಂಪಯ್ಯ ಪಟ್ಟಿ ಕಟ್ಟಿದ ಕೈಯನ್ನು ಎದೆಗಿಟ್ಟುಕೊಂಡು, ಎಲ್ಲಿ ಅಗೆಯಬೇಕೆಂದು ಕಾಲಿನಿಂದ ಗೆರೆ ಎಳೆದ. ಅದನ್ನು ತೋಡಿದವನು ಅವನ ಅಪ್ಪ. ಸಿದ್ದರಾಜುವೂ ಊರಿನ ನಾಲ್ವರೂ ಸಂಜೆಯವರೆಗೆ ಅಗೆದರು. ಬೀಡಿ ಹಚ್ಚಬಾರದೆಂದು ನಾನು ಕಾವಲು ನಿಂತೆ. ನಾನು ಮಾಡಿದ ಕೆಲಸ ಅಷ್ಟೇ.

ಮೂಡಲ ಅರ್ಧದ ರಾಗಿ ನೋಡಲು ಕೆಂಪಗೆ ಚೆನ್ನಾಗಿತ್ತು. ಗುಂಡಿಯ ಕಡೆಯದು ಬಗ್ಗಡ ಊರಿ, ಕಪ್ಪಗೆ, ಹಿಂಡಿಯಂತೆ ಗಟ್ಟಿಯಾಗಿತ್ತು. ಆ ಗೋಡೆಯ ಮಣ್ಣು ಕೈಗೆ ಒದ್ದೆಯಾಗಿತ್ತು. ನಿಂಗಮ್ಮ ಚೆನ್ನಾಗಿದ್ದ ಕಡೆಯಿಂದ ಒಂದು ಹಿಡಿ ತೆಗೆದುಕೊಂಡು ಮೂಸಿದರು. ನಾಲ್ಕು ಕಾಳು ಬಾಯಿಗೆ ಹಾಕಿಕೊಂಡು ಅಗಿದರು. ಎಲ್ಲರೂ ಅವರ ಬಾಯಿಯನ್ನೇ ನೋಡುತ್ತಿದ್ದೆವು. ಅವರು ಪಕ್ಕಕ್ಕೆ ಉಗುಳಿದರು.

"ವಾಸ್ನೆ ಕುಡ್ದದೆ. ಮಗೀಗ್ ಬ್ಯಾಡ," ಎಂದರು. ಅವರ ಗಂಟಲು ಸಣ್ಣಗಾದದ್ದು ಮೂರು ವರ್ಷದಲ್ಲಿ ಅದೇ ಮೊದಲ ಸಲವೆಂದು ರತ್ನ ಆಮೇಲೆ ಹೇಳಿದಳು.

ಸಿದ್ದರಾಜು ಗುದ್ದಲಿ ಕೆಳಗಿಟ್ಟ. "ನಾಳೇನೇ ಮುಚ್ಚಾಕ್ತೀನಿ ದೊಡ್ಡವ್ವಾ. ನಿಮ್ಮೆಲ್ಲರಾಣೆ. ನಂಗೆ ಈ ಗ್ಯಾಸೇ ಬ್ಯಾಡ."

ಗೋಡೆಯ ಕಂಡಿಯಲ್ಲಿ ನಿಂತಿದ್ದ ಜಯಮ್ಮ ಸೆರಗಿನ ತುದಿ ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು. ಮೊಳಕಾಲೆತ್ತರ ಸುಣ್ಣ ಬಳಿದಿದ್ದ ಗೋಡೆ ನನಗೆ ನೆನಪಾಯಿತು. ನಿಂಗಮ್ಮನವರಿಗೂ ಏನೋ ನೆನಪಾಗಿರಬೇಕು. ತಿರುಗಿ ಅವಳನ್ನು ಬಹಳ ಹೊತ್ತು ನೋಡಿದರು.

"ಈ ಗುಂಡಿ ಮುಚ್ಚು. ಗ್ಯಾಸ್ ಬುಡಬ್ಯಾಡ," ಎಂದರು. "ಇವಳ ಕಣ್ಣು ಈಗ ನೆಟ್ಟಗಾಗವೆ. ಒಲದ ಬದೀಗೆ ಒಸಾ ಗುಂಡಿ ತೋಡ್ಸು, ಯಾರ್ ಅಗೇವೂ ಇಲ್ಲ ಅಲ್ಲಿ. ಈ ಸಲ ಗಾರೆಯೋನ್ ಬರಕೆ ಮುಂಚೆ ನನ್ ಕರೀಲಾ, ನಾನ್ ಬಂದು ನಿಂತ್ಕತೀನಿ. ಈ ರಾಗಿ ಮೊದ್ಲು ಅದ್ಕೇ ಆಕು. ನಿಮ್ ದೊಡ್ಡಪ್ಪ ತುಂಬ್ಸಿದ್ ರಾಗಿ, ತಿಪ್ಪೇಗೆ ಓಗಾದ್ ಬ್ಯಾಡ. ಒಲೇಗಾರ ಓಗ್ಲಿ."

ಗುರುವಾರ ಬೆಳಿಗ್ಗೆ ನಾನು ಹೊರಡುವ ಹೊತ್ತಿಗೆ ಕೆಂಪಯ್ಯ ಒಂದು ಮೊರವನ್ನು ಎಡಗೈಯಲ್ಲಿ ಸೊಂಟಕ್ಕೆ ಒತ್ತಿ ಹಿಡಿದು ಬಂದ. ಅವನ ಮನೆಯ ವಾಡೆಯಲ್ಲಿ, ಅಂದರೆ ಮಣ್ಣಿನ ದೊಡ್ಡ ಗುಡಾಣದಲ್ಲಿ, ಎರಡು ವರ್ಷದ ಹಳೆಯ ರಾಗಿ ಇತ್ತಂತೆ. ಜಗಲಿಯ ಮೇಲೆ ಇಟ್ಟು, "ಮೂರೊರ್ಸದ್ದಲ್ಲ ಕಣವ್ವ, ಎರಡೇ. ಕೂಸು ಲೆಕ್ಕ ಕೇಳಾಕಿಲ್ಲ ಬುಡು," ಎಂದ. ರತ್ನ ಮಗುವನ್ನು ಅವನತ್ತ ಚಾಚಿದಳು. ಹುಬ್ಬಿಲ್ಲದ ಆ ಮುಖ ಕಂಡು ಮಗು ಹಿಂದಿನ ದಿನ ಅಳದೆ ಇಟ್ಟುಕೊಂಡಿದ್ದ ಅಳುವನ್ನೆಲ್ಲ ಅತ್ತುಬಿಟ್ಟಿತು. ಆಗ ಎಲ್ಲರಿಗೂ ನಗು ಬಂತು.

ದಿಣ್ಣೆ ಇಳಿಯುವಾಗ ಹಿಂತಿರುಗಿ ನೋಡಿದೆ. ಎರಡು ಹಿತ್ತಿಲೂ ಒಟ್ಟಿಗೆ ಕಾಣುತ್ತಿದ್ದವು: ಒಂದರಲ್ಲಿ ಡ್ರಮ್ಮು, ಇನ್ನೊಂದರಲ್ಲಿ ಒಡೆದ ಕೆಂಪು ನೆಲ. ನಡುವೆ ಮೊಳ ದಪ್ಪದ ಮಣ್ಣಿನ ಗೋಡೆ.

ಮುಂದಿನದು ಸಿದ್ದರಾಜುವಿನ ಕಾಗದಗಳಿಂದ ತಿಳಿದದ್ದು. ಹಳೆಯ ಗುಂಡಿ ಬರಿದು ಮಾಡಿದಾಗ ಹಗೇವಿನ ಕಡೆಯ ಇಟ್ಟಿಗೆಯಲ್ಲಿ ಬೆರಳು ತೂರುವಷ್ಟು ಬಿರುಕು ಕಂಡಿತಂತೆ. ಹೊಸ ಗುಂಡಿಗೆ ಮೊದಲು ಬಿದ್ದದ್ದು ಆ ರಾಗಿ. ಗ್ಯಾಸು ಬಂದ ದಿನ ನಿಂಗಮ್ಮ ಗೋಡೆ ದಾಟಿ ಬಂದು, ಒಲೆಯ ಮುಂದೆ ಕುಳಿತು, ಮಗುವಿನ ಸರಿಯನ್ನು ತಾವೇ ಕಾಯಿಸಿದರಂತೆ.

ಮೊದಲ ಲೇಖನದಲ್ಲಿ ನಾನು ಬಿಟ್ಟಿದ್ದನ್ನು ಈಗ ಸೇರಿಸುತ್ತೇನೆ. ಗುಂಡಿ ತೋಡುವ ಮೊದಲು ಬಾವಿಯಿಂದ ಅಳೆಯಿರಿ. ಆಮೇಲೆ ಆ ಮನೆಯ, ಪಕ್ಕದ ಮನೆಯ ಹಿರಿಯ ಹೆಂಗಸನ್ನು ಹಗೇವಿನ ಹೊಟ್ಟೆ ಎತ್ತ ಕಡೆಗಿದೆ ಎಂದು ಕೇಳಿರಿ. ಗಾರೆಯವನನ್ನೂ ನನ್ನಂಥವನನ್ನೂ ಆಚೆ ಕಳಿಸಿ ಕೇಳಿರಿ.

ಆ ಬುಧವಾರ ಹಗೇವಿನ ಸುತ್ತ ಇದ್ದವರಲ್ಲಿ ನಿಂಗಮ್ಮನವರು ಹೋದ ವರ್ಷ ತೀರಿಕೊಂಡರು. ಮಿಕ್ಕವರೆಲ್ಲ ಇದ್ದಾರೆ. ಸಿದ್ದರಾಜು, ಜಯಮ್ಮ ಹೊಂಗೇದೊಡ್ಡಿಯಲ್ಲೇ ಇದ್ದಾರೆ. ಅಡುಗೆಮನೆಯ ಸುಣ್ಣ ಸೂರಿನವರೆಗೂ ಮುಗಿದಿದೆ. ರತ್ನ ಬೆಸಗರಹಳ್ಳಿಯ ಗಂಡನ ಮನೆಯಲ್ಲಿದ್ದಾಳೆ. ಕೆಂಪಯ್ಯ ಇದ್ದಾನೆ, ಎಡ ಹುಬ್ಬು ಬೆಳೆಯಲೇ ಇಲ್ಲ. ದೀಪ ಬಿಡುವ ಮೊದಲು ಈಗ ಮೂಸಿ ನೋಡುತ್ತಾನೆ. ಮಗುವಿನ ಹೆಸರು ನಿಂಗಾಜಮ್ಮಣ್ಣಿ. ಅವಳಿಗೆ ಈಗ ನಾಲ್ಕೂವರೆ ವರ್ಷ. ಆ ಉರಿಯನ್ನು ನಮ್ಮೆಲ್ಲರಿಗಿಂತ ನೆಟ್ಟಗೆ ನೋಡಿದವಳು ಅವಳೇ.